ಸತ್ತ ಚಾರ್ಜರಿನ ಹಸ್ತಾಂತರ

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚಾರ್ಜರ್ ಸತ್ತಿತು. ಸತ್ತದ್ದು ತನ್ನ ಪಾಳಿಯಲ್ಲೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೊದಲು ಕುರ್ಚಿಯ ಚಕ್ರದಡಿ ಏನೋ ಕಟಕ್ಕೆಂದಿತು, ಆಮೇಲೆ ಇಸ್ತ್ರಿಪೆಟ್ಟಿಗೆಯಡಿ ಗುಂಡಿ ಸಿಕ್ಕಿ ಕರಗಿದಂಥ ವಾಸನೆ, ಆಮೇಲೆ ಹಸಿರು ದೀಪ ಎರಡು ಸಲ ಮಿಣುಕಿ ಆರಿಹೋಯಿತು. ಅವನು ಬರೆಯುತ್ತಿದ್ದದ್ದು ನೀರು ಕಾಯಿಸುವ ಯಂತ್ರದ ಕೈಪಿಡಿ. ಸರಿಯಾಗಿ ಆ ಗಳಿಗೆಯಲ್ಲಿ ಟೈಪು ಮಾಡುತ್ತಿದ್ದ ವಾಕ್ಯ: 'ವಿದ್ಯುತ್ ತಂತಿಯನ್ನು ಬಿಗಿಯಾಗಿ ಸುತ್ತಬೇಡಿ, ಅದರ ಮೇಲೆ ಭಾರ ಹೇರಬೇಡಿ.' ಮಿಕ್ಸರಿಗೆ, ಫ್ಯಾನಿಗೆ, ಕೂದಲು ಒಣಗಿಸುವ ಯಂತ್ರಕ್ಕೆ, ಇಪ್ಪತ್ತು ವರ್ಷಗಳಿಂದ ಎಲ್ಲದಕ್ಕೂ ಇದೇ ವಾಕ್ಯವನ್ನು ಬರೆದು ಹೊಟ್ಟೆ ಹೊರೆದುಕೊಂಡ ಪುಣ್ಯಾತ್ಮ, ದಿನಾ ಹನ್ನೊಂದಕ್ಕೆ ಅದೇ ಕೈಯಿಂದ ಚಾರ್ಜರಿನ ತಂತಿಯನ್ನು ಹಗ್ಗ ಹೊಸೆದ ಹಾಗೆ ಸುತ್ತಿ ಗಂಟು ಹಾಕುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅಯ್ಯೋ ಶನಿಯೇ, ಇವತ್ತೇ ಸಾಯಬೇಕಿತ್ತೇ ಎಂದು ಚಾರ್ಜರಿಗೆ ಬೈದ. ಅದು ಇನ್ನೂ ಬೆಚ್ಚಗಿತ್ತು.

ಇವತ್ತೇ ಯಾಕೆಂದರೆ, ಗಂಡ ಹೆಂಡತಿ ಮಾತು ಬಿಟ್ಟು ಇವತ್ತಿಗೆ ಮೂರು ದಿನ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಉಂಡೂ ಆಗಿತ್ತು, ಮಲಗಿಯೂ ಆಗಿತ್ತು, ಮತ್ತೆ ಎದ್ದು ಮತ್ತೆ ಉಂಡಿದ್ದರು, ಗಾದೆ ಮಾತ್ರ ಫಲ ಕೊಟ್ಟಿರಲಿಲ್ಲ. ಹೆಂಡತಿಗೆ ಹಾಸಿಗೆ ಬಟ್ಟೆಯ ಮೇಲೆ ಅಚ್ಚಾಗುವ ಚಿತ್ತಾರಗಳನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸುವ ಕೆಲಸ. ಭಾನುವಾರ ಅವಳ ಅಕ್ಕ ಭಾವ ಬಂದಿದ್ದಾಗ ಹೊಸ ಹೂವಿನ ಚಿತ್ತಾರ ತೋರಿಸಿ, "ಹೇಗಿದೆ ಹೇಳ್ರೀ" ಎಂದು ಇವನನ್ನು ಕೇಳಿದಳು. ಒಂದು ಸಲ ಅಲ್ಲ, ಮೂರು ಸಲ. ಮೊದಲೆರಡು ಸಲ ಚೆನ್ನಾಗಿದೆ ಚೆನ್ನಾಗಿದೆ ಎಂದ. ಮೂರನೆಯ ಸಲ ಅವನ ಷಡ್ಡಕ ಎದುರಿಗೇ ಕೂತು ಕಾಲಾಡಿಸುತ್ತಿದ್ದನಲ್ಲ, ಆ ಷಡ್ಡಕನನ್ನು ನಗಿಸಬೇಕೆಂಬ ದರಿದ್ರ ಆಸೆ ಎಲ್ಲಿಂದ ಹುಟ್ಟಿತೋ, "ಹೂಕೋಸು ಇದ್ದ ಹಾಗಿದೆ" ಎಂದುಬಿಟ್ಟ. ಷಡ್ಡಕ ನಗಲಿಲ್ಲ. ನಕ್ಕವಳು ಹೆಂಡತಿಯ ಅಕ್ಕ, ಅದೂ ಕೆಮ್ಮು ಬರುವಷ್ಟು. ಸೋಮವಾರ ಬೆಳಿಗ್ಗೆ ಬಟ್ಟೆ ಗಿರಣಿಯ ಮ್ಯಾನೇಜರ್ ಫೋನು ಮಾಡಿ, "ಮೇಡಂ, ತಪ್ಪು ತಿಳೀಬೇಡಿ, ಇದು ಹೂಕೋಸಾ?" ಎಂದು ಕೇಳಿದ. ಅಲ್ಲಿಗೆ ಮುಗಿಯಿತು. ಹೂವನ್ನು ಬದಲಾಯಿಸಿ ಇವತ್ತು ಸಂಜೆ ನಾಲ್ಕರೊಳಗೆ ಕಳಿಸಬೇಕಿತ್ತು. ಅವಳ ಲ್ಯಾಪ್‌ಟಾಪಿನ ಬ್ಯಾಟರಿಗೋ ವಯಸ್ಸಾಗಿ, ತಂತಿ ಕಿತ್ತರೆ ಅರ್ಧ ಗಂಟೆಯೂ ಉಸಿರು ಹಿಡಿಯುತ್ತಿರಲಿಲ್ಲ.

ಮನೆಯಲ್ಲಿ ಎರಡು ಲ್ಯಾಪ್‌ಟಾಪಿಗೆ ಒಂದೇ ಚಾರ್ಜರ್ ಉಳಿದದ್ದೂ ಇವನ ಘನಕಾರ್ಯವೇ. ಎರಡು ವರ್ಷದ ಹಿಂದೆ ಅವಳ ಚಾರ್ಜರನ್ನು ಒಯ್ದು ಯಾವುದೋ ಲಾಡ್ಜಿನ ಗೋಡೆಯಲ್ಲಿ ಬಿಟ್ಟು ಬಂದಿದ್ದ. ನಾಳೆ ತರ್ತೀನಿ ಎಂದಿದ್ದ. ಆ ನಾಳೆ ಬರುವಷ್ಟರಲ್ಲಿ ಹಂಚಿಕೊಳ್ಳುವುದೇ ರೂಢಿಯಾಗಿ, ಫ್ರಿಜ್ಜಿನ ಬಾಗಿಲಿಗೆ ಅವಳ ಅಕ್ಷರದಲ್ಲಿ ಒಂದು ವೇಳಾಪಟ್ಟಿ ಬಂದು ಕೂತಿತು. ಒಂಬತ್ತರಿಂದ ಹನ್ನೊಂದು ಅವನದು, ಹನ್ನೊಂದರಿಂದ ಒಂದು ಅವಳದು, ಒಂದರಿಂದ ಎರಡು ಚಾರ್ಜರಿಗೆ ವಿಶ್ರಾಂತಿ. ಪಾಳಿ ಬದಲಾಗುವಾಗ ಊಟದ ಮೇಜಿನ ಹತ್ತಿರ ಇಬ್ಬರೂ ಐದು ನಿಮಿಷ ನಿಲ್ಲುತ್ತಿದ್ದರು. "ತಗೋ ತಾಯಿ ನಿನ್ನ ಕೂಸನ್ನ" ಎನ್ನುತ್ತಿದ್ದ ಇವನು. "ಏನ್ರೀ, ಜ್ವರ ಬರೋ ಹಾಗೆ ದುಡಿಸಿದೀರಲ್ರೀ" ಎನ್ನುತ್ತಿದ್ದಳು ಅವಳು, ಅದರ ಬಿಸಿ ಮೈ ಮುಟ್ಟಿ. ಹಾಲಿನವನ ಸುದ್ದಿ, ಮೇಲಿನ ಮನೆಯವರು ಮಂಚ ಎಳೆಯುವ ಸದ್ದು, ಅವಳ ಮೊಣಕಾಲು, ಇವನ ಆಸಿಡಿಟಿ, ಎಲ್ಲ ಆ ಐದು ನಿಮಿಷದಲ್ಲಿ ಆಗಿಹೋಗುತ್ತಿತ್ತು. ಈಗ ಮೂರು ದಿನದಿಂದ ಹನ್ನೊಂದಕ್ಕೆ ಅವನು ಚಾರ್ಜರನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋಗುತ್ತಿದ್ದ, ಅವನ ಬಾಗಿಲು ಮುಚ್ಚಿದ ಮೇಲೆ ಅವಳು ಬಂದು ಒಯ್ಯುತ್ತಿದ್ದಳು. ಆದರೂ ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರಲ್ಲ, ಅಷ್ಟರ ಮಟ್ಟಿಗೆ ಸಂಸಾರ ನಡೆದಿತ್ತು. ಈಗ ಅದೂ ಹೋಯಿತು.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಒಂದು ಚೀಟಿ ಬರೆಯಲು ಕೂತ. 'ಈ ಉಪಕರಣವು ಕಾರ್ಯ ನಿರ್ವಹಿಸುತ್ತಿಲ್ಲ.' ಛೀ, ಹೆಂಡತಿಗೆ ಹೀಗೆ ಬರೆಯುವುದೇ? 'ಚಾರ್ಜರ್ ಸತ್ತಿದೆ.' ಯಾರ ಕೈಯಲ್ಲಿ ಎಂದು ಬೇಡವೇ? 'ನನ್ನ ಕೈಯಲ್ಲಿ ಸತ್ತಿದೆ' ಎಂದು ಬರೆದರೆ, ಅದು ಮಾತೇ ಆಯಿತಲ್ಲ, ಮೊದಲು ಮಾತಾಡಿದವನು ತಾನಾದ ಹಾಗಾಯಿತಲ್ಲ, ಮೊದಲು ಮಾತಾಡಿದ ಮೇಲೆ ಹೂಕೋಸಿನ ವಿಷಯವೂ ಬರಬೇಕಲ್ಲ. ಹೀಗೆ ಲೆಕ್ಕ ಹಾಕುತ್ತಿರುವಾಗ ಆ ಕಡೆಯ ಕೋಣೆಯಲ್ಲಿ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಅವನು ಚೀಟಿಯನ್ನು ಬಾಯಿಗೆ ಹಾಕಿಕೊಂಡ. ಯಾಕೆ ಬಾಯಿಗೇ ಹಾಕಿಕೊಂಡನೋ ಅವನಿಗೇ ಗೊತ್ತಿಲ್ಲ, ಕಸದ ಬುಟ್ಟಿ ಕಾಲ ಬಳಿಯೇ ಇತ್ತು. ಸತ್ತ ಚಾರ್ಜರನ್ನು ಎಂದಿನಂತೆ ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟು, ನಾಲ್ಕೇ ಹೆಜ್ಜೆಗೆ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡ.

ಒಳಗೆ ಬಕೆಟ್ಟಿನ ಅಂಚಿನ ಮೇಲೆ ಕೂತು ಕಾಗದ ಅಗಿಯುತ್ತ ಕಿವಿಗೊಟ್ಟ. ಅವಳು ಮೇಜಿನಿಂದ ಚಾರ್ಜರ್ ಎತ್ತಿಕೊಂಡಳು. ಅವಳ ಕೋಣೆಯ ಸ್ವಿಚ್ಚು ಟಕ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್, ಮತ್ತೆ ಟಕ್. ಹಾಲಿಗೆ ಬಂದು ಅಲ್ಲಿಯ ಸ್ವಿಚ್ಚಿಗೆ ಹಾಕಿ ನೋಡಿದಳು, ಅಡುಗೆಮನೆಗೆ ಹೋಗಿ ಅಲ್ಲಿಯದಕ್ಕೂ ಹಾಕಿ ನೋಡಿದಳು. ಪ್ರತಿ ಟಕ್ಕಿಗೂ ಬಚ್ಚಲಿನೊಳಗೆ ಇವನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣನ ಗಡಿಯಾರದ ಗಾಜು ಒಡೆದು, ಮೆತ್ತಗೆ ಅವನ ದಿಂಬಿನಡಿ ಇಟ್ಟು, ಅವನು ಮಲಗಿ ಎದ್ದ ಮೇಲೆ 'ಅಯ್ಯೋ ನಿನ್ನ ಭಾರಕ್ಕೇ ಒಡೀತು' ಎಂದು ತಾನೇ ಮೊದಲು ಕೂಗಿದ್ದು ನೆನಪಾಯಿತು. ಅಣ್ಣ ಪಾಪ ಆ ಮೇಲೆ ಒಂದು ತಿಂಗಳು ಅನ್ನ ಕಮ್ಮಿ ಮಾಡಿದ್ದ. ಐವತ್ತಕ್ಕೆ ಬಂದರೂ ನನ್ನ ಬುದ್ಧಿ ಬದಲಾಗಲಿಲ್ಲವಲ್ಲ, ಥೂ ಎಂದುಕೊಂಡ. ಬಾಯಲ್ಲಿದ್ದ ಕಾಗದವೂ ಅದರ ಜೊತೆ ಹೊರಬಿತ್ತು. ಹೊರಗೆ ಚಪ್ಪಲಿ ಹಾಕಿಕೊಂಡ ಸದ್ದು, ಬಾಗಿಲು ಎಳೆದುಕೊಂಡ ಸದ್ದು. ಈಚೆ ಬಂದು ನೋಡಿದರೆ ಮೇಜಿನ ಮೇಲೆ ಚಾರ್ಜರೂ ಇಲ್ಲ, ಗೂಟದಲ್ಲಿ ಚೀಲವೂ ಇಲ್ಲ. ತಾನೇ ಕೊಂದೆ ಅಂದುಕೊಂಡು ರಿಪೇರಿಗೆ ಹೊರಟಿದ್ದಾಳೆ. ಅವಳಿಗಿಂತ ಮೊದಲು ಹೊಸದೊಂದನ್ನು ತಂದು, ಏನೂ ಆಗಿಲ್ಲವೆಂಬ ಹಾಗೆ ಮೇಜಿನ ಮೇಲಿಟ್ಟುಬಿಡಬೇಕು ಎಂದು ಅವನು ಓಡಿದ.

ದೊಡ್ಡ ಅಂಗಡಿಯಲ್ಲಿ ತಂಪು ಗಾಳಿ ಇತ್ತು, ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡ ಮಾರಾಟದ ಹುಡುಗಿ ಇದ್ದಳು, ಚಾರ್ಜರುಗಳು ಗೋಡೆ ತುಂಬ ಹಾವಿನ ಮರಿಗಳಂತೆ ನೇತಾಡುತ್ತಿದ್ದವು. "ಪಿನ್ ಹೇಗಿರುತ್ತೆ ಸರ್?" ಎಂದಳು. ಪಿನ್ನು ಹೇಗಿರುತ್ತದೆ! ಎರಡು ವರ್ಷ ದಿನಕ್ಕೆ ಎರಡು ಸಲ ಹಿಡಿದು ಚುಚ್ಚಿದ ಪಿನ್ನು, ಈಗ ಕಣ್ಣು ಮುಚ್ಚಿದರೆ ಅವಳ ಕೈ ಕಾಣುತ್ತದೆ, ಪಿನ್ನು ಕಾಣುವುದಿಲ್ಲ. "ಉದ್ದಕ್ಕೆ... ದುಂಡಗೆ... ತುದಿಗೆ ಒಂದು ತೂತು" ಎಂದು ಬೆರಳಿನಲ್ಲಿ ಗಾಳಿಯಲ್ಲಿ ತೋರಿಸಿದ.

"ಎಲ್ಲಾ ಪಿನ್ನೂ ಹಾಗೇ ಇರುತ್ತೆ ಸರ್. ಮಾಡೆಲ್ ನಂಬರ್ ಹೇಳಿ."

"ಕಪ್ಪು ಬಣ್ಣದ್ದು."

"ಅದು ಬಣ್ಣ ಸರ್."

ಹಿಂದೆ ಸರದಿಯಲ್ಲಿ ನಿಂತ ಮುದುಕರೊಬ್ಬರು, "ಮಾಡೆಲ್ ನಂಬರ್ ಲ್ಯಾಪ್‌ಟಾಪಿನ ಅಡಿಯಲ್ಲಿ ಇರುತ್ತಪ್ಪಾ. ಕೈಪಿಡೀಲಿ ಮೊದಲನೇ ಪುಟದಲ್ಲೇ ಹೇಳಿರ್ತಾರೆ, ಬರೆದಿಟ್ಟುಕೊಳ್ಳಿ ಅಂತ. ಯಾರು ಓದ್ತಾರೆ ಹೇಳು, ಅವನ್ನೆಲ್ಲ" ಎಂದರು. ಆ ವಾಕ್ಯವನ್ನೂ ಅವನು ಎಷ್ಟೋ ಸಲ ಬರೆದಿದ್ದ. ಓದುವವರು ಒಬ್ಬರಾದರೂ ಇದ್ದಾರೆಂದು ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮನೆಗೆ ವಾಪಸ್ ಓಡಿ, ಚೀಲವಿಲ್ಲದ್ದರಿಂದ ಲ್ಯಾಪ್‌ಟಾಪನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದ. ಬೀದಿಯಲ್ಲಿ ಹಣ್ಣಿನವಳು ಬಗ್ಗಿ, "ಗಂಡೋ ಹೆಣ್ಣೋ?" ಎಂದಳು. ಅಷ್ಟರಲ್ಲಿ ಮುಂದಿನ ತಿರುವಿನಲ್ಲಿ ಹೆಂಡತಿಯ ಬೆನ್ನು ಕಂಡ ಹಾಗಾಗಿ ಅವನು ಔಷಧಿ ಅಂಗಡಿಯ ತೂಕದ ಯಂತ್ರದ ಹಿಂದೆ ಅವಿತ. ಬೆನ್ನು ತಿರುಗಿತು, ಬೇರೆ ಯಾರದೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನನ್ನು ಯಾರೂ ಏನೂ ಅನ್ನದೆಯೇ ಊರೆಲ್ಲ ಹೆಗಲು ಮುಟ್ಟಿಕೊಂಡು ಓಡಾಡಿದ. ಹುಡುಗಿ ಲ್ಯಾಪ್‌ಟಾಪನ್ನು ಮಗುಚಿ ನೋಡಿ, "ಇದು ನಿಂತೇ ಹೋಗಿರೋ ಮಾಡೆಲ್ ಸರ್" ಎಂದಳು, ಹತ್ತಿರದ ಬಂಧು ತೀರಿಕೊಂಡ ದನಿಯಲ್ಲಿ. ಹಿಂದಿನ ಗಲ್ಲಿಯ ರಿಪೇರಿಯವನ ಹತ್ತಿರ ಇದ್ದರೂ ಇರಬಹುದು ಎಂದು ಕೈ ತೋರಿಸಿದಳು.

ಹಿಂದಿನ ಗಲ್ಲಿ ಎಂದರೆ ಒಂದಲ್ಲ, ಮೂರು ಅಂಗಡಿ. ಎರಡರಲ್ಲಿ ಇಲ್ಲ ಎಂದರು. ಮೂರನೆಯದು ಬೀರುವಿನಷ್ಟು ಅಗಲದ ಗೂಡು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವನು ಪಿನ್ನಿನ ತೂತನ್ನು ಇಣುಕಿ ನೋಡಿ, ಎತ್ತರದ ಪೆಟ್ಟಿಗೆಯಿಂದ ಧೂಳು ಹಿಡಿದ ಚಾರ್ಜರೊಂದನ್ನು ಎಳೆದು ತೆಗೆದ. ಹಾಕಿದ. ದೀಪ ಹತ್ತಿತು. ಅವನಿಗೆ ಆ ಭೂತಗನ್ನಡಿಯವನನ್ನು ತಬ್ಬಿಕೊಳ್ಳಬೇಕೆನಿಸಿತು.

"ಎರಡು ತಗೊಂಡುಬಿಡಿ ಸಾರ್" ಎಂದ ರಿಪೇರಿಯವನು. "ಇನ್ನು ಮೇಲೆ ಈ ಮಾಲು ಬರಲ್ಲ. ಮನೇಲಿ ಎಷ್ಟು ಲ್ಯಾಪ್‌ಟಾಪ್ ಇದೆ?"

"ಎರಡು."

"ಚಾರ್ಜರ್?"

"ಒಂದೇ ಇದ್ದದ್ದು."

"ಒಂದರಲ್ಲಿ ಹೆಂಗ್ ನಡೆಸ್ತಿದ್ರಿ ಮಾರಾಯ್ರೆ!"

"ನಡೀತಿತ್ತು" ಎಂದ ಅವನು. ಎರಡು ಕೊಂಡರೆ ಅವಳದು ಅವಳಿಗೆ, ಇವನದು ಇವನಿಗೆ. ಹನ್ನೊಂದು ಗಂಟೆ ಬರುತ್ತದೆ, ಹೋಗುತ್ತದೆ, ಯಾರೂ ಕೋಣೆಯಿಂದ ಏಳುವುದಿಲ್ಲ. ವೇಳಾಪಟ್ಟಿ ಕಿತ್ತು ಬಿಸಾಕಬಹುದು. ಮೇಜಿನ ಹತ್ತಿರ ಯಾಕೆ ನಿಲ್ಲಬೇಕು, ಹಾಲಿನವನ ಸುದ್ದಿ ಯಾರಿಗೆ ಬೇಕು? ಬುದ್ಧಿ ಇರುವ ಯಾವನಾದರೂ ಎರಡೇ ಕೊಳ್ಳುತ್ತಿದ್ದ. ಒಂದೇ ಒಲೆಯಿದ್ದ ಮನೆಗೆ ಎರಡನೆಯ ಒಲೆ ಹೂಡುವುದಕ್ಕೆ ಸಹಿ ಹಾಕಿದಂತಾಗುತ್ತದೆ ಅನ್ನಿಸಿ ಅವನಿಗೆ ಭಯವಾಯಿತು, ನಿಜವಾದ ಭಯ. "ಒಂದು ಸಾಕು" ಎಂದ. ರಿಪೇರಿಯವನು ಭೂತಗನ್ನಡಿಯಿಂದಲೇ ಅವನನ್ನು ನೋಡಿ, "ನಿಮ್ಮಿಷ್ಟ" ಎಂದ. ಚಾರ್ಜರನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಟವೆಲ್ಲಿನ ಕೂಸನ್ನು ಎತ್ತಿಕೊಂಡು ಮನೆ ಸೇರುವಾಗ ಎರಡೂವರೆಯಾಗಿತ್ತು.

ಹೆಂಡತಿ ಆಗಲೇ ಬಂದು ಊಟದ ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ಆರಿದ ಲ್ಯಾಪ್‌ಟಾಪು, ಪಕ್ಕದಲ್ಲಿ ಸತ್ತ ಚಾರ್ಜರು. ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ತಲೆ ಎತ್ತದೆ, "ಚಾರ್ಜರ್ ಸತ್ತುಹೋಯ್ತು ರೀ" ಎಂದಳು. ಮೂರು ದಿನದ ಮೇಲೆ ಬಂದ ಮೊದಲ ಮಾತು! "ನನ್ನ ಕೈಲೇ ಸತ್ತಿದ್ದು. ನಾನೇ ಎಳೆದು ಸಿಕ್ಕಿಸಿರ್ತೀನಿ. ರಿಪೇರಿ ಆಗಲ್ಲವಂತೆ."

ಜೇಬಿನೊಳಗಿನ ಕೈ ಅಲ್ಲೇ ನಿಂತಿತು. ಈಗ ಹೊಸದನ್ನು ತೆಗೆದು ಕೊಟ್ಟರೆ ಅವಳು 'ಸರಿ' ಎನ್ನುತ್ತಾಳೆ, ಎತ್ತಿಕೊಂಡು ಕೋಣೆಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ. ನಾಲ್ಕಕ್ಕೆ ಹೂವು ಹೋಗುತ್ತದೆ, ಮಾತೂ ಅದರ ಜೊತೆಗೇ ಹೋಗುತ್ತದೆ. ಕೊಡದಿದ್ದರೆ ಅವಳ ಕೆಲಸಕ್ಕೆ ಕುತ್ತು. ಕೊಡಬೇಕು, ಮನುಷ್ಯನಾದವನು ಕೊಡಬೇಕು, ಎಂದು ಅವನು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದ. "ನಾನೂ ಹುಡುಕ್ದೆ. ಎಲ್ಲೂ ಸಿಗಲಿಲ್ಲ" ಎಂದಿತು ಬಾಯಿ.

"ನನಗೂ ಸಿಗಲಿಲ್ಲ" ಎಂದಳು ಅವಳು. ಆಮೇಲೆ ತಲೆ ಎತ್ತಿ, "ನೀವು ಯಾಕೆ ಹುಡುಕೋಕೆ ಹೋದ್ರಿ? ಸತ್ತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

ಸಿಕ್ಕಿಬಿದ್ದ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ಇವನ ಕಥೆ. ಟವೆಲ್ಲನ್ನು ಬಿಚ್ಚಿದ, ಮತ್ತೆ ಸುತ್ತಿದ. "ನಿನ್ನ ಕೈಲಿ ಅಲ್ಲ ಕಣೇ ಸತ್ತಿದ್ದು. ನಾನೇ ಕುರ್ಚಿ ಚಕ್ರ ಹತ್ತಿಸಿದೆ. ಹತ್ತೂ ನಲವತ್ತಕ್ಕೇ ಸತ್ತಿತ್ತು. ಹಾಗೇ ತಂದು ಇಟ್ಟುಬಿಟ್ಟೆ" ಎಂದ. ಅವಳು ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಮೂರು ದಿನ ಕಟ್ಟಿ ನಿಲ್ಲಿಸಿದ್ದೆಲ್ಲ ಮೇಲೇರಿ ಬರುವುದು ಕಾಣುತ್ತಿತ್ತು.

"ಅದಕ್ಕೆ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ರಾ! ಸತ್ತ ಚಾರ್ಜರನ್ನ ನೀಟಾಗಿ ಸುತ್ತಿ ಬೇರೆ ಇಟ್ಟಿದ್ರಲ್ಲ ರೀ! ಎಂಥಾ ಗಂಡಸು ರೀ ನೀವು! ಮನೆಯ ಸ್ವಿಚ್ಚೆಲ್ಲ ಒತ್ತಿ ಒತ್ತಿ ನನ್ನ ಬೆರಳು ಬಿದ್ದುಹೋಯ್ತು. ನನ್ನ ಕೈಗುಣಾನೇ ಸರಿ ಇಲ್ಲ, ಹೂ ಬಿಡಿಸಿದ್ರೆ ಹೂಕೋಸಾಗುತ್ತೆ, ಚಾರ್ಜರ್ ಮುಟ್ಟಿದ್ರೆ ಸಾಯುತ್ತೆ ಅಂತ ದಾರಿ ಉದ್ದಕ್ಕೂ ಅಳ್ತಾ ಹೋಗಿದೀನಿ, ಗೊತ್ತಾ? ಅಕ್ಕನ ಎದುರಿಗೇ ಹೇಳಬೇಕಿತ್ತಾ ನಿಮಗೆ? ಒಬ್ಬಳೇ ಇದ್ದಾಗ ಹೇಳಿದ್ರೆ ನಾಲಿಗೆ ಸವೀತಿತ್ತಾ?" ಅಲ್ಲಿಂದ ಲಾಡ್ಜಿನ ಗೋಡೆಗೆ ಹೋದಳು, ಲಾಡ್ಜಿನ ಗೋಡೆಯಿಂದ ನಾಳೆ ತರ್ತೀನಿ ಎಂದ ಏಳುನೂರು ನಾಳೆಗಳಿಗೆ, ಅಲ್ಲಿಂದ ಮದುವೆಯಾದ ಹೊಸದರಲ್ಲಿ ಅವನು ಬಸ್ಸಿನಲ್ಲಿ ಮರೆತ ಕೊಡೆಗೆ. ಇಪ್ಪತ್ತು ನಿಮಿಷ ಬೈದಳು. ಅವನು ಬಿಸಿಲಲ್ಲಿ ಬಂದವನು ನೀರು ಕುಡಿದ ಹಾಗೆ ಅದನ್ನೆಲ್ಲ ಕುಡಿದ. "ತಪ್ಪಾಯ್ತು" ಎಂದ. "ಷಡ್ಡಕನ್ನ ನಗಿಸೋಕೆ ಹೋಗಿ ಹಾಗಂದೆ. ಅವನು ನಗಲೂ ಇಲ್ಲ."

"ಭಾವ ನಗಲ್ಲ. ಅವರಿಗೆ ಹಲ್ಲುನೋವು" ಎಂದಳು ಹೆಂಡತಿ. ಎಂದವಳೇ ತುಟಿ ಕಚ್ಚಿಕೊಂಡಳು. ನಗು ತಡೆಯುವಾಗ ಅವಳು ಹಾಗೆ ಮಾಡುತ್ತಾಳೆ.

ಲ್ಯಾಪ್‌ಟಾಪು ಇಲ್ಲದ ಮೇಲೆ ಇನ್ನೇನು, ಅವಳು ಕಾಗದ ಪೆನ್ಸಿಲ್ ತಂದಳು. ಕೈಯಲ್ಲೇ ಬಿಡಿಸಿ ಫೋಟೋ ತೆಗೆದಾದರೂ ತೋರಿಸಿ ಇನ್ನೊಂದು ದಿನದ ಗಡುವು ಕೇಳಿಕೊಳ್ಳುತ್ತೇನೆ ಎಂದು ಗೆರೆ ಎಳೆಯತೊಡಗಿದಳು. ಅವನು ಎದುರಿಗೆ ಕೂತು ನೋಡಿದ. ಒಂದು ದಳ, ಅದಕ್ಕೆ ಆತು ಇನ್ನೊಂದು. "ಹೇಗಿದೆ?" ಎಂದಳು.

"ಹೂವಿನ ಹಾಗಿದೆ."

"ಯಾವ ಹೂ?"

ಅವನು ಕಾಗದವನ್ನು ತನ್ನ ಕಡೆ ತಿರುಗಿಸಿ ನೋಡಿದ. "ಇನ್ನೂ ಅರಳ್ತಾ ಇದೆ" ಎಂದ. "ಪೂರ್ತಿ ಅರಳಲಿ, ಹೇಳ್ತೀನಿ. ಟೀ ಮಾಡಲಾ?"

ಅಡುಗೆಮನೆಗೆ ಬಂದು ನೀರಿಟ್ಟ. ಜೇಬಿನಲ್ಲಿ ಚಾರ್ಜರು ತೊಡೆಗೆ ಒತ್ತುತ್ತಿತ್ತು. ಇದನ್ನು ಎಲ್ಲಾದರೂ ಬಚ್ಚಿಟ್ಟು, ನಾಳೆ ಬೆಳಿಗ್ಗೆ ಹೊಸದಾಗಿ ಸಿಕ್ಕಿತೆಂದು ತಂದರಾಯಿತು. ಅಟ್ಟದ ತುದಿಗೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಬೀಗ ಕಳೆದ ಕೀಲಿ, ಜೋಡಿ ಕಳೆದ ಗುಂಡಿ, ಬೆಳಕು ಬಿಡದ ಟಾರ್ಚು, ಇಂಥವನ್ನೆಲ್ಲ ಹಾಕಿಟ್ಟಿದ್ದ ಆ ಡಬ್ಬಿಯ ಕಡೆ ವರ್ಷಕ್ಕೊಮ್ಮೆಯೂ ಯಾರೂ ಸುಳಿಯುವುದಿಲ್ಲ. ಮಣೆ ಹತ್ತಿ ಇಳಿಸಿ, ಮುಚ್ಚಳ ತೆಗೆದ.

ಮೇಲುಗಡೆಯೇ ಒಂದು ಚಾರ್ಜರ್ ಇತ್ತು. ಹೊಸದು. ಅದರ ಮೇಲೆ ರಿಪೇರಿಯವನ ಅದೇ ಎತ್ತರದ ಪೆಟ್ಟಿಗೆಯ ಅದೇ ಧೂಳು, ಧೂಳಿನ ಮೇಲೆ ಅವಳ ಬೆರಳಿನ ಗುರುತು. ಅವನು ಅದನ್ನು ನೋಡುತ್ತ ಮಣೆಯ ಮೇಲೆ ನಿಂತೇ ಇದ್ದ. ಒಂದೇ ಒಂದು ತಂದಿದ್ದಾಳೆ. ತಂದು, ನಾಲ್ಕು ಗಂಟೆಯ ಕೆಲಸವನ್ನೂ ಲೆಕ್ಕಿಸದೆ, ಇಲ್ಲಿ ಹೂತಿಟ್ಟು, ಸಿಗಲಿಲ್ಲ ಎಂದಿದ್ದಾಳೆ. "ಅಯ್ಯೋ ಹುಚ್ಚಿ" ಎಂದ ತನ್ನಷ್ಟಕ್ಕೆ. ತನ್ನದನ್ನು ಜೇಬಿನಿಂದ ತೆಗೆಯಲು ಹೋದರೆ ಅದರ ತಂತಿಯ ತುದಿ ಆಗಲೇ ಹೊರಗಿತ್ತು. ಬೀದಿಯಿಂದ ಇಲ್ಲಿಯವರೆಗೂ ಮೊಣಕಾಲ ತನಕ ಬಾಲದ ಹಾಗೆ ನೇತಾಡಿಕೊಂಡೇ ಬಂದಿತ್ತು.

"ಏನ್ರೀ ಹುಡುಕ್ತಿದೀರಿ ಅಲ್ಲಿ?" ಹಾಲಿನಿಂದ ಕೇಳಿತು, ದನಿ ಸ್ವಲ್ಪ ಏರಿತ್ತು.

"ಸಕ್ಕರೆ."

"ಸಕ್ಕರೆ ಅಟ್ಟದ ಮೇಲೆ ಇರಲ್ಲ!"

"ಸಿಕ್ತು ಸಿಕ್ತು" ಎಂದು ಅವನು ತನ್ನದನ್ನು ಅವಳದರ ಪಕ್ಕಕ್ಕೆ ತುರುಕಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಇಳಿದ. ಟೀ ತಂದಿಡುವಾಗ ಅವಳ ಫೋನು ಬಡಿದುಕೊಳ್ಳುತ್ತಿತ್ತು. ನಾಲ್ಕು ಗಂಟೆ. ಗಿರಣಿಯ ಮ್ಯಾನೇಜರು.

"ಆಗಲಿಲ್ಲ ಸರ್" ಎನ್ನುತ್ತಿದ್ದಳು ಅವಳು. "ಚಾರ್ಜರ್ ಕೆಟ್ಟುಹೋಯ್ತು. ಇಲ್ಲ ಸರ್, ಹಳೇ ಮಾಡೆಲ್ಲು, ಎಲ್ಲೂ ಸಿಗ್ತಿಲ್ಲ. ನೆಪ ಅಲ್ಲ ಸರ್. ಬೇಕಿದ್ರೆ ನಮ್ಮ ಮನೆಯವರನ್ನೇ ಕೇಳಿ" ಎಂದು ಫೋನನ್ನು ಅವನ ಕಡೆ ಚಾಚಿದಳು. ಚಾಚುವಾಗ ಅವಳ ಕಣ್ಣು ಅವನ ಮುಖದಲ್ಲಿತ್ತು. ಜನ್ಮದಲ್ಲಿ ಒಂದು ಸುಳ್ಳನ್ನೂ ಅವನು ಇಷ್ಟು ನೆಟ್ಟಗೆ ನಿಂತು ಹೇಳಿರಲಿಲ್ಲ. "ಹೌದು ಸಾರ್" ಎಂದ. "ಐದಾರು ಅಂಗಡಿ ಸುತ್ತಿದ್ವಿ, ನಾನೂ ಇವಳೂ. ನಾವಿಬ್ಬರೂ ಬೆಳಿಗ್ಗೆಯಿಂದ ಇದೇ ಕೆಲಸ. ಸಿಗಲಿಲ್ಲ." ಆ ಕಡೆಯವನು ನಿಟ್ಟುಸಿರು ಬಿಟ್ಟು, ನಾಳೆ ಬೆಳಿಗ್ಗೆ ಹತ್ತಕ್ಕೆ ಸಿಗಲೇಬೇಕು ಎಂದು ಫೋನಿಟ್ಟ.

ಅವಳು ಮತ್ತೆ ಕಾಗದದ ಮೇಲೆ ಬಾಗಿದಳು. ಒಂದು ದಳ ಮುಗಿಸಿ, ಟೀ ಗುಟುಕರಿಸಿ, ಇನ್ನೊಂದು ದಳ ಶುರು ಮಾಡಿದಳು. ತಲೆ ಎತ್ತದೆ, ಎಷ್ಟೋ ವರ್ಷದಿಂದ ಕೇಳಿಕೊಂಡು ಬಂದವರ ಹಾಗೆ ಕೇಳಿದಳು:

"ಡಬ್ಬೀಲಿ ಎರಡೂ ಹಿಡೀತಾ?"

ಅವನು ತನ್ನ ಲೋಟ ಹಿಡಿದು ಅವಳ ಪಕ್ಕದ ಕುರ್ಚಿಗೆ ಬಂದು ಕೂತ.

"ಮುಚ್ಚಳ ಸ್ವಲ್ಪ ಏಳುತ್ತೆ" ಎಂದ.